ಎರಡನೇ ಭಾನುವಾರದ ಹಾಳೆ

ನಾನು ಬರೆಯುವುದು ನಿಲ್ಲಿಸಿ ಹದಿನಾಲ್ಕು ತಿಂಗಳಾಗಿತ್ತು. ಅದು ಯಾರಿಗೂ ಗೊತ್ತಾಗಿರಲಿಲ್ಲ, ಮನೆಯವರಿಗೂ ಇಲ್ಲ. ಬೆಳಗ್ಗೆ ಹಾಲು ಕರೆದು, ತಿಂಡಿ ಮಾಡಿಟ್ಟು, ಒಂಬತ್ತು ಗಂಟೆ ಬಸ್ಸಿಗೆ ಸೊಸೈಟಿಗೆ ಹೋಗಿ ಲೆಕ್ಕ ಬರೆದು ಬರುವ ಬದುಕಿನಲ್ಲಿ ಕತೆ ನಿಂತರೆ ಏನೂ ಏರುಪೇರಾಗುವುದಿಲ್ಲ. ಹಾಲು ಕಡಿಮೆಯಾದರೆ ಕೇಳುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೆ ಕೇಳುತ್ತಾರೆ. ಕತೆ ಬರಲಿಲ್ಲ ಅಂತ ಯಾರು ಕೇಳಬೇಕು?

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿದೆ. ಎರಡು ಎಕರೆ ಅಡಿಕೆ ತೋಟ, ಎರಡು ದನ, ಮಗ ಹೊರಗೆ ಓದುತ್ತಿದ್ದಾನೆ. ಮದುವೆಗೆ ಮೊದಲು ಬರೆಯುತ್ತಿದ್ದೆ. ಆಮೇಲೆ ಬಿಟ್ಟೆ. ಮಗ ಹೈಸ್ಕೂಲು ಸೇರಿದ ಮೇಲೆ ಮತ್ತೆ ಶುರು ಮಾಡಿದೆ.

2017ರಲ್ಲಿ ಒಂದು ಕವಿಗೋಷ್ಠಿಯಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತೆ. ಇಪ್ಪತ್ತಾರು ಕವಿಗಳು, ಒಬ್ಬೊಬ್ಬರಿಗೆ ಮೂರು ನಿಮಿಷ. ಉದ್ಘಾಟನೆಯ ಭಾಷಣ ಮುಗಿಯುವಾಗಲೇ ಊಟದ ಹೊತ್ತು. ನನ್ನ ಸರದಿ ಬಂದಾಗ ಎದುರಿಗೆ ಕೂತಿದ್ದವರು ಇನ್ನೂ ಓದಬೇಕಾಗಿದ್ದ ಕವಿಗಳು ಮಾತ್ರ. ಅವರೂ ಅವರವರ ಹಾಳೆ ನೋಡಿಕೊಳ್ಳುತ್ತಿದ್ದರು. ಆದರೂ ಖುಷಿಯಾಗಿತ್ತು. ಶಾಲು ಹೊದಿಸಿದರು, ನೆನಪಿನ ಕಾಣಿಕೆ ಕೊಟ್ಟರು. ಆಮೇಲೆ ಕರೆಗಳು ಬರತೊಡಗಿದವು. ರಾಜ್ಯೋತ್ಸವಕ್ಕೊಂದು ಕವಿತೆ, ಯುಗಾದಿಗೊಂದು, ಮಹಿಳಾ ದಿನಕ್ಕೊಂದು. ಒಂದೇ ವರ್ಷ ಹನ್ನೊಂದು ಗೋಷ್ಠಿಗಳಲ್ಲಿ ಓದಿದೆ.

ಆ ವೇದಿಕೆಗಳ ಬಗ್ಗೆ ನನಗೆ ಹಗುರವಾದ ಮಾತಿಲ್ಲ. ಮನೆಯಿಂದ ಹೊರಗೆ ಮಾತಾಡಿಯೇ ಗೊತ್ತಿರದ ಎಷ್ಟೋ ಹೆಂಗಸರು ಮೈಕು ಹಿಡಿದಿದ್ದು ಅಲ್ಲೇ. ನಾನೂ ಅವರಲ್ಲಿ ಒಬ್ಬಳು. ಆದರೆ ಬರುಬರುತ್ತಾ ನಾನು ಕರೆಯೋಲೆ ನೋಡಿ ಕವಿತೆ ಬರೆಯುವವಳಾಗಿದ್ದೆ. ಹನ್ನೊಂದು ಸಲ ಓದಿದೆ ಅಂದೆನಲ್ಲ, ಅದರಲ್ಲಿ ಒಂದೇ ಒಂದು ಸಾಲನ್ನು ಯಾರೂ ನನಗೆ ತಿರುಗಿ ಹೇಳಲಿಲ್ಲ. ‘ಚೆನ್ನಾಗಿತ್ತು ಮೇಡಂ’ ಅಂದರು. ಯಾವುದು ಚೆನ್ನಾಗಿತ್ತು ಅಂತ ನಾನೂ ಕೇಳಲಿಲ್ಲ.

2019ರಲ್ಲಿ ಪುಸ್ತಕ ಮಾಡಿಸಿದೆ. ಒಂಬತ್ತು ಕತೆ, ಡೆಮಿ 1/8 ಅಳತೆ, ಏಳು ಫಾರಂ, ಅಂದರೆ 112 ಪುಟ. 500 ಪ್ರತಿ. ದುಡ್ಡು ನನ್ನದೇ, ಚೀಟಿ ಎತ್ತಿದ್ದು. ಅರ್ಧದಷ್ಟು ತಾವೇ ಮಾರುತ್ತೇವೆ ಅಂದಿದ್ದ ಪ್ರಕಾಶಕರು ಆರು ತಿಂಗಳಾದ ಮೇಲೆ 420 ಪ್ರತಿಯನ್ನು ಪಾರ್ಸೆಲ್ ಲಾರಿಗೆ ಹಾಕಿ ಕಳಿಸಿದರು. ನಮ್ಮ ಕಡೆ ಪುಸ್ತಕ ಇಟ್ಟುಕೊಳ್ಳುವುದು ಸುಲಭ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ಪಾಲು ನಮಗೂ ಬರುತ್ತದೆ. ಒಂದು ಮಳೆಗಾಲ ಕಳೆಯುವುದರಲ್ಲಿ ಮುಖಪುಟಕ್ಕೆ ಬೂಷ್ಟು ಹಿಡಿಯುತ್ತದೆ. ನಮ್ಮ ಮನೆಯವರು ಆ ಕಟ್ಟುಗಳನ್ನೆಲ್ಲ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಹೊಗೆ ಆಡುವ ಜಾಗ, ಹಾಳಾಗುವುದಿಲ್ಲ ಅಂತ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ನಾನು ಮಾತ್ರ ಸ್ನಾನಕ್ಕೆ ಹೋದಾಗಲೆಲ್ಲ ತಲೆ ಎತ್ತದೆ ಬರುತ್ತಿದ್ದೆ.

ಹಾಗೆ ನಿಂತಿತು. ಯಾರೋ ಬೈದು ನಿಂತಿದ್ದಲ್ಲ. ಬೈಯುವಷ್ಟು ಓದಿದವರೂ ಇರಲಿಲ್ಲ.

2022ರ ಆಗಸ್ಟ್ ಎರಡನೇ ವಾರ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹೈಸ್ಕೂಲಿನಲ್ಲಿ ನನಗೆ ಕನ್ನಡ ಹೇಳಿಕೊಟ್ಟ ಮೇಷ್ಟ್ರು ಸಿಕ್ಕರು. ರಿಟೈರಾಗಿ ಹತ್ತು ವರ್ಷದ ಮೇಲಾಗಿತ್ತು. ಆರೋಗ್ಯ, ಮಕ್ಕಳು, ತೋಟ ಎಲ್ಲ ವಿಚಾರಿಸುತ್ತಾರೆ ಅಂದುಕೊಂಡೆ. ಅವರು ಕೊಡೆ ಮಡಚಿ, ನೀರು ಕೊಡವಿ, ನೇರ ಕೇಳಿದರು.

“ಅಲ್ಲ ಮಾರಾಯ್ತಿ, ಆ ಸುಲಿಗೆ ಹೆಂಗಸು ಸಂಕ ದಾಟಿದಳಾ ಇಲ್ವಾ?”

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ನನ್ನ ಪುಸ್ತಕದ ನಾಲ್ಕನೇ ಕತೆ ಅದು. ಡಬ್ಬಿ ಲೆಕ್ಕದಲ್ಲಿ ಅಡಿಕೆ ಸುಲಿಯಲು ಬರುವ ಒಬ್ಬಳು. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮೇಲೆ ಕೂತು ಸುಲಿದು ಮನೆಗೆ ಹೊರಡುತ್ತಾಳೆ. ಹಳ್ಳ ದಾಟುವ ಸಣ್ಣ ಸೇತುವೆ, ಆ ಕಾಲುಸಂಕದ ಹತ್ತಿರ ಬರುವಾಗ ಟಾರ್ಚಿನ ಬೆಳಕು ಕೆಂಪಾಗುತ್ತದೆ, ಸೆಲ್ಲು ಮುಗಿಯುತ್ತಾ ಬಂದಿದೆ. ಅಲ್ಲಿಗೆ ಕತೆ ನಿಲ್ಲಿಸಿದ್ದೆ. ಹಾಗೆ ನಿಲ್ಲಿಸುವುದು ಚೆಂದ ಅಂತ ಎಲ್ಲೋ ಕಲಿತಿದ್ದೆ.

“ಗೊತ್ತಿಲ್ಲ ಮೇಷ್ಟ್ರೇ. ಅಲ್ಲಿಗೇ ಮುಗೀತು ಕತೆ” ಅಂದೆ.

“ನಿನಗೆ ಮುಗೀತು. ನಮ್ಮನೇಲಿ ಮುಗಿದಿಲ್ಲ. ಬರೋ ಭಾನುವಾರ ಮೂರು ಗಂಟೆಗೆ ಮನೆಗೆ ಬಾ. ಪ್ರತಿ ತಿಂಗಳ ಎರಡನೇ ಭಾನುವಾರ ನಾಲ್ಕೈದು ಜನ ಸೇರ್ತೀವಿ. ಒಂದು ಹಾಳೆ ಬರ್ಕೊಂಡು ಬಾ. ಒಂದೇ ಸಾಕು.”

ನಾಲ್ಕು ದಿನ ಆ ಒಂದು ಹಾಳೆಗೆ ಒದ್ದಾಡಿದೆ. ಹದಿನಾಲ್ಕು ತಿಂಗಳು ಪೆನ್ನು ಹಿಡಿದಿದ್ದು ಸಾಲ ವಸೂಲಿ ನೋಟಿಸಿಗೆ ಮಾತ್ರ. ಕೊನೆಗೆ ನಮ್ಮತ್ತೆ ಹಂಡೆಯಲ್ಲಿ ಅಡಿಕೆ ಬೇಯಿಸುವುದರ ಬಗ್ಗೆ ಬರೆದುಕೊಂಡು ಹೋದೆ.

ಮೇಷ್ಟ್ರ ಮನೆ ಹಳೇ ಹೆಂಚಿನದು, ಮುಂದೆ ಉದ್ದ ಜಗಲಿ. ಅಲ್ಲಿ ಒಬ್ಬರು ಕಿರಾಣಿ ಅಂಗಡಿ ಇಟ್ಟಿರುವವರು, ನಾವೆಲ್ಲ ಅಂಗಡಿ ಅಣ್ಣ ಅನ್ನುತ್ತೇವೆ. ಒಬ್ಬರು ಸರ್ಕಾರಿ ಆಸ್ಪತ್ರೆಯ ಸಿಸ್ಟರ್. ಒಬ್ಬರು ಫಾರೆಸ್ಟ್ ಗಾರ್ಡ್. ಇನ್ನೊಬ್ಬಳು ಡಿಗ್ರಿ ಓದುತ್ತಿರುವ ಹುಡುಗಿ. ಬಾಗಿಲ ಹತ್ತಿರ ಗೋಡೆಗೆ ಒರಗಿ ಮೇಷ್ಟ್ರ ಹೆಂಡತಿ ಕೂತಿದ್ದರು. ಮಡಿಲಲ್ಲಿ ಅರಳೆ ಇಟ್ಟುಕೊಂಡು ಹೂಬತ್ತಿ ಮಾಡುತ್ತಿದ್ದರು. ಅವರನ್ನು ಎಲ್ಲರೂ ಅಮ್ಮ ಅನ್ನುವುದು. ಬರೆಯುವವರಲ್ಲ, ಸುಮ್ನೆ ಹೊತ್ತು ಕಳೆಯಲು ಕೂತಿದ್ದಾರೆ ಅಂದುಕೊಂಡೆ.

ಅಲ್ಲಿನ ಪದ್ಧತಿ ನನಗೆ ಹೊಸದು. ಬರೆದವರು ತಮ್ಮ ಹಾಳೆ ತಾವು ಓದುವ ಹಾಗಿಲ್ಲ. ಹೆಸರಿನ ಚೀಟಿ ಎತ್ತುತ್ತಾರೆ, ಯಾರ ಹೆಸರು ಬರುತ್ತದೋ ಅವರು ಓದಬೇಕು. ಓದಿ ಮುಗಿಸಿ, ಎಲ್ಲರೂ ಮಾತಾಡಿ ಮುಗಿಸುವವರೆಗೆ ಬರೆದವರು ಬಾಯಿ ಬಿಡಬಾರದು. ಶಾಲಿಲ್ಲ, ಅತಿಥಿಗಳಿಲ್ಲ, ಫೋಟೊ ಇಲ್ಲ. ಕಷಾಯ ಇದೆ, ಹಲಸಿನ ಹಪ್ಪಳ ಇದೆ.

ನನ್ನ ಹಾಳೆ ಅಂಗಡಿ ಅಣ್ಣನ ಕೈಗೆ ಹೋಯಿತು. ಅವರು ಏಳನೇ ಕ್ಲಾಸಿನವರೆಗೆ ಓದಿದವರು. ನಿಧಾನವಾಗಿ, ಒಂದೊಂದೇ ಪದ ನೋಡಿಕೊಂಡು ಓದುತ್ತಾರೆ. ಮೊದಲ ನಾಲ್ಕು ಸಾಲು ಚೆನ್ನಾಗಿ ಹೋಯಿತು. ಬೆಂಕಿ, ಹಂಡೆ, ಅಡಿಕೆ ಬೇಯಿಸಿದ ನೀರಿನ ಚೊಗರು ಹತ್ತಿ ಕೆಂಪಾದ ಅತ್ತೆಯ ಕೈ. ಐದನೇ ಸಾಲಿನಲ್ಲಿ ‘ಅವರ್ಣನೀಯ ಅಂತರ್ವೇದನೆ’ ಅಂತ ಬರೆದಿದ್ದೆ. ಅಂಗಡಿ ಅಣ್ಣ ಅಲ್ಲಿ ನಿಂತರು. ಮತ್ತೆ ಮೊದಲಿಂದ ಓದಿದರು, ಮತ್ತೆ ಅಲ್ಲೇ ನಿಂತರು. “ಇದು ಎಂತದು ಅಂತ ಗೊತ್ತಾಗಲಿಲ್ಲ, ಬಿಟ್ಟು ಮುಂದೆ ಓದ್ತೆ” ಅಂದರು. ಬಿಟ್ಟು ಓದಿದರು. ನನ್ನ ಕಿವಿಯಾರೆ ಕೇಳಿದೆ, ಆ ಎರಡು ಪದ ಬಿಟ್ಟರೆ ಆ ಸಾಲಿಗೆ ಏನೂ ಕೊರತೆ ಆಗಲಿಲ್ಲ. ಕೈ ಇನ್ನೂ ಹತ್ತಿರ ಬಂದ ಹಾಗಿತ್ತು.

ಆಮೇಲೆ ಸಿಸ್ಟರ್ ಹೇಳಿದರು. “ಕೊನೇ ಪ್ಯಾರಾದಲ್ಲಿ ನನ್ನ ಗಮನ ಎಲ್ಲೋ ಹೋಯ್ತು. ಆದರೆ ಸೆರಗಿಗೆ ಕೈ ಒರೆಸಿಕೊಂಡರೂ ಬಣ್ಣ ಹೋಗಲ್ಲ ಅನ್ನೋದು ಮನೆಗೆ ಹೋದ ಮೇಲೂ ನೆನಪಿರುತ್ತೆ.” ಇಷ್ಟೇ. ಹನ್ನೊಂದು ಗೋಷ್ಠಿಯಲ್ಲಿ ಸಿಗದಿದ್ದು ಆವತ್ತು ಸಿಕ್ಕಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಟಿಕೆಟಿನ ಹಿಂದೆ ಎರಡು ಸಾಲು ಬರೆದೆ. ಬಸ್ಸು ಮೇಳಿಗೆ ಊರು ದಾಟಿತ್ತು.

ಇನ್ನೊಬ್ಬರ ಬಾಯಲ್ಲಿ ನಮ್ಮ ಬರಹ ಕೇಳುವುದಿದೆಯಲ್ಲ, ಅದರಷ್ಟು ಕಲಿಸಿದ್ದು ನನಗೆ ಬೇರೆ ಯಾವುದೂ ಇಲ್ಲ. ನಾವೇ ಓದಿದರೆ ಬರಹದಲ್ಲಿ ಇಲ್ಲದ್ದನ್ನೂ ದನಿಯಿಂದ ತುಂಬಿಬಿಡುತ್ತೇವೆ. ಇನ್ನೊಬ್ಬರು ಓದಿದರೆ ಹಾಳೆಯಲ್ಲಿ ಇರುವುದಷ್ಟೇ ಬರುತ್ತದೆ. ಎಲ್ಲಿ ಉಸಿರು ಸಿಗುವುದಿಲ್ಲವೋ ಆ ವಾಕ್ಯ ಉದ್ದ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಏನೋ ಸರಿ ಇಲ್ಲ. ಯಾರೂ ಟೀಕೆ ಮಾಡಬೇಕಾಗಿಯೇ ಇಲ್ಲ.

ತಿಂಗಳಿಗೊಂದು ಹಾಳೆ ಕೇಳಲು ಸುಲಭ. ಅದಕ್ಕೆ ಹೊತ್ತು ಎಲ್ಲಿಂದ ತರುವುದು? ಮೊದಲು ರಾತ್ರಿ ಕೂತೆ, ನಿದ್ದೆ ಬಂತು. ಸೊಸೈಟಿಯಲ್ಲಿ ಮಧ್ಯಾಹ್ನ ಪ್ರಯತ್ನಿಸಿದೆ, ಗೊಬ್ಬರ ಕೇಳಲು ಯಾರಾದರೂ ಬಂದೇ ಬರುತ್ತಾರೆ. ಕೊನೆಗೆ ಸಿಕ್ಕಿದ್ದು ಬಚ್ಚಲ ಒಲೆ. ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ಒಲೆಗೆ ಬೆಂಕಿ ಹಾಕಿ, ಅದರ ಮುಂದೆಯೇ ಮಣೆ ಹಾಕಿಕೊಂಡು ಕೂರುತ್ತೇನೆ. ಹಂಡೆ ನೀರು ಕಾಯಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ನನ್ನದು. ಯಾರಾದರೂ ನೋಡಿದರೂ ನೀರು ಕಾಯಿಸುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಸೌದೆ ಹಸಿ ಇರುತ್ತದೆ, ನೀರು ಕಾಯುವುದು ತಡ, ಒಂದು ಗಂಟೆ ಸಿಗುತ್ತದೆ. ತಲೆಯ ಮೇಲೆ ಅಟ್ಟದಲ್ಲಿ ಹಳೇ ಪುಸ್ತಕದ ಕಟ್ಟುಗಳು, ಮಡಿಲಲ್ಲಿ ಹೊಸ ಹಾಳೆ. ಒಂದು ದಿನ ಗೊತ್ತೇ ಆಗದ ಹಾಗೆ ತಲೆ ಎತ್ತಿ ಆ ಕಟ್ಟುಗಳನ್ನು ನೋಡಿದೆ. ಏನೂ ಅನ್ನಿಸಲಿಲ್ಲ.

ನವೆಂಬರಿನಿಂದ ಜನವರಿವರೆಗೆ ಅಡಿಕೆ ಗೊಂಚಲು ಇಳಿಸುವ ಕೊನೆ ಕೊಯ್ಲು, ಸುಲಿಗೆ, ಬೇಯಿಸುವುದು, ಒಣಗಿಸುವುದು. ಆಗ ಯಾರಿಗೂ ಉಸಿರಾಡಲು ಪುರುಸೊತ್ತಿರುವುದಿಲ್ಲ. ನಮ್ಮ ಜಗಲಿಯಲ್ಲಿ ಅದಕ್ಕೂ ಒಂದು ಒಪ್ಪಂದ ಇದೆ. ಸುಲಿಗೆ ಕಾಲಕ್ಕೆ ಅರ್ಧ ಹಾಳೆ ಸಾಕು. ಎಳ್ಳಮಾವಾಸ್ಯೆ ಜಾತ್ರೆ ಭಾನುವಾರಕ್ಕೆ ತಾಗಿ ಬಂದರೆ ನಾಲ್ಕು ಸಾಲು ಬರೆದು ತಂದರೂ ಆಯಿತು. ಆದರೆ ಖಾಲಿ ಬಿಡಬಾರದು.

ಇನ್ನು ಈ ತಾಲ್ಲೂಕಿನಲ್ಲಿ ಬರೆಯುವವರಿಗೆ ಇರುವ ಒಂದು ಕಷ್ಟ ಹೇಳಬೇಕು. ತೀರ್ಥಹಳ್ಳಿಯಿಂದ ಕುಪ್ಪಳಿಗೆ ಇಪ್ಪತ್ತು ಕಿಲೋಮೀಟರ್ ಇಲ್ಲ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕುವೆಂಪು ಬೆಳೆದ ಮನೆ ಅಲ್ಲಿದೆ. ಆ ಪ್ರಶಸ್ತಿ 1967ನೇ ಸಾಲಿನದು. ನಾನು ದಿನಾ ಹೋಗಿ ಬರುವ ದಾರಿಯ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರಿಗೆ 1994ರಲ್ಲಿ ಅದೇ ಪ್ರಶಸ್ತಿ ಬಂತು. ಶಾಲೆಯಿಂದ ಪ್ರವಾಸ ಹೋಗಿದ್ದೂ ಕವಿಶೈಲಕ್ಕೇ. ಇದು ಹೆಮ್ಮೆ ಹೌದು. ಆದರೆ ಮಳೆ, ಕಾಡು, ಗುಡ್ಡ, ಮನೆ ಅಂತ ಬರೆಯಲು ಹೊರಟಾಗ ಕೈ ತಡೆಯುತ್ತದೆ. ಇಷ್ಟು ದೊಡ್ಡವರು ಬರೆದಾದ ಮೇಲೆ ನಂದೇನು ಅನ್ನಿಸುತ್ತದೆ. ಫಾರೆಸ್ಟ್ ಗಾರ್ಡ್ ಒಂದು ಸಲ ಇದನ್ನೇ ಬಾಯಿಬಿಟ್ಟು ಹೇಳಿದರು.

ಮೇಷ್ಟ್ರು ಆವತ್ತು ನಮಗೆ ನೆನಪಿಸಿದ್ದು ಎಂ.ಕೆ. ಇಂದಿರಾ ಅವರನ್ನು. ಅವರೂ ತೀರ್ಥಹಳ್ಳಿಯವರೇ. ಹುಟ್ಟಿದ್ದು 1917ರಲ್ಲಿ. ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ. ಲೆಕ್ಕ ಹಾಕಿ ನೋಡಿ. ನಲವತ್ತಾರು. ನನಗೆ ಆಗ ನಲವತ್ನಾಲ್ಕು. ಮನೆಗೆ ಬಂದು ಬೀರುವಿನ ಬಾಗಿಲ ಒಳಗೆ ಚಾಕ್‌ಪೀಸಿನಲ್ಲಿ 1917, ಅದರ ಕೆಳಗೆ 1963 ಅಂತ ಬರೆದೆ. ಅದೇನು ಫೋನ್ ನಂಬರಾ ಅಂತ ಮನೆಯವರು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಅಳಿಸಿ ಹೋಗುತ್ತೆ, ಪೇಂಟಲ್ಲಿ ಬರಿ” ಅಂದರು.

2023ರ ಮಳೆಗಾಲದಲ್ಲಿ ನಾನೊಂದು ತಪ್ಪು ಮಾಡಿದೆ. ವರ್ಷ ಆಗಿತ್ತಲ್ಲ, ನನಗೆ ತಿಳಿಯುತ್ತದೆ ಅನ್ನುವ ಧೈರ್ಯ ಬಂದಿತ್ತು. ಡಿಗ್ರಿ ಹುಡುಗಿ ಒಂದು ಕವಿತೆ ತಂದಿದ್ದಳು. ಬಾವಿ ಕಟ್ಟೆಯ ಹತ್ತಿರ ನಿಂತ ಅವಳ ಅಮ್ಮನ ಬಗ್ಗೆ. ಓದಿ ಮುಗಿದ ತಕ್ಷಣ ನಾನೇ ಮೊದಲು ಮಾತಾಡಿದೆ. “ಇದರಲ್ಲಿ ಕವಿತೆ ಎಲ್ಲಿದೆ? ಬರೀ ಸುದ್ದಿ ಹೇಳಿದ ಹಾಗಿದೆ” ಅಂದೆ. ಪದ್ಧತಿಯ ಪ್ರಕಾರ ಅವಳು ಮಾತಾಡುವ ಹಾಗಿರಲಿಲ್ಲ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಮುಂದಿನ ತಿಂಗಳು ಬರಲಿಲ್ಲ. ಪರೀಕ್ಷೆ ಇರಬೇಕು ಅಂದುಕೊಂಡೆವು. ಅದರ ಮುಂದಿನ ತಿಂಗಳೂ ಬರಲಿಲ್ಲ.

ಆ ದಿನ ಎಲ್ಲರೂ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಬಾಗಿಲ ಹತ್ತಿರದಿಂದ ಅಮ್ಮ ಕೇಳಿದರು.

“ಆ ಹುಡುಗಿ ಬರಲಿಲ್ಲ ಅಲ್ವಾ? ಅವಳ ಅಮ್ಮ ಬಾವಿ ಹತ್ತಿರ ಖಾಲಿ ಕೊಡ ಹಿಡ್ಕೊಂಡು ನಿಂತಿದ್ದಳು. ಎರಡು ತಿಂಗಳಾಯ್ತು, ಅಲ್ಲೇ ನಿಂತಿದಾಳೆ ಪಾಪ.”

ನಾನು ಚಪ್ಪಲಿ ಬಿಟ್ಟು ವಾಪಸ್ ಬಂದು ಅವರ ಹತ್ತಿರ ಕೂತೆ. ಆಗ ಗೊತ್ತಾಯಿತು. ಅಮ್ಮನಿಗೆ ಐದಾರು ವರ್ಷದಿಂದ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆಳಕು ಗೊತ್ತಾಗುತ್ತದೆ, ಆಕಾರ ಗೊತ್ತಾಗುತ್ತದೆ, ಅಕ್ಷರ ಗೊತ್ತಾಗುವುದಿಲ್ಲ. ಅದಕ್ಕೇ ಬತ್ತಿ ಮಾಡುವುದು, ಕೈಗೆ ತಿಳಿಯುವ ಕೆಲಸ. ಮೊದಲು ತುಂಬ ಓದುತ್ತಿದ್ದರಂತೆ. ಕಣ್ಣು ಹೋದ ಮೇಲೆ ರಾತ್ರಿ ಊಟ ಆದ ನಂತರ ಮೇಷ್ಟ್ರು ಓದಿ ಹೇಳುತ್ತಿದ್ದರು. ಒಂದು ಚಳಿಗಾಲದಲ್ಲಿ ಅವರಿಗೆ ಗಂಟಲು ಕಟ್ಟಿ ಓದಲು ಆಗಲಿಲ್ಲ. ಸಾಮಾನು ಕೊಡಲು ಬಂದಿದ್ದ ಅಂಗಡಿ ಅಣ್ಣನ ಕೈಗೆ ಪುಸ್ತಕ ಕೊಟ್ಟು, ಒಂದು ಪುಟ ಓದು ಮಾರಾಯ ಅಂದರಂತೆ. ಆಮೇಲೆ ಸಿಸ್ಟರ್ ಬಂದರು. ಹೀಗೆ ಓದುವವರು ಸೇರಿದರು. ಬರೆಯುವುದು ಆಮೇಲೆ ಶುರುವಾಗಿದ್ದು. ತಮ್ಮ ಹಾಳೆ ತಾವು ಓದಬಾರದು ಅನ್ನುವುದನ್ನು ನಾನು ಯಾವುದೋ ದೊಡ್ಡ ಸಿದ್ಧಾಂತ ಅಂದುಕೊಂಡಿದ್ದೆ. ಅಮ್ಮನಿಗೆ ಬೇರೆ ಬೇರೆ ದನಿ ಕೇಳಲು ಇಷ್ಟ, ಅಷ್ಟೇ.

“ನಿನ್ನ ಪುಸ್ತಕಾನೂ ಇವರು ಓದಿದ್ರು. ಆ ಸುಲಿಗೆಯವಳು ಸಂಕ ದಾಟಿದಳಾ ಅಂತ ನಾನೇ ಕೇಳಿ ಕಳಿಸಿದ್ದು. ನೀನು ಇನ್ನೂ ಹೇಳಲಿಲ್ಲ” ಅಂದರು.

ನಾನು ಅತ್ತೆ. ಅದನ್ನು ಇಲ್ಲಿ ಬರೆಯಲು ನನಗೆ ಸಂಕೋಚ ಇಲ್ಲ. 420 ಪ್ರತಿ ಅಟ್ಟದ ಮೇಲಿದ್ದಾಗ ಒಂದು ಪ್ರತಿ ಈ ಮನೆಯಲ್ಲಿ ಓದಿಸಿಕೊಳ್ಳುತ್ತಿತ್ತು. ನಾನು ನಿಲ್ಲಿಸಿದ್ದ ಹದಿನಾಲ್ಕು ತಿಂಗಳೂ ಇವರು ಆ ಸಂಕದ ಹತ್ತಿರ ಕಾಯುತ್ತಿದ್ದರು.

ಮರುದಿನವೇ ಆ ಹುಡುಗಿಗೆ ಕಾಗದ ಬರೆದೆ. ಫೋನು ಮಾಡಲು ಧೈರ್ಯ ಬರಲಿಲ್ಲ. ತಪ್ಪಾಯಿತು ಅಂತ ಒಂದು ಸಾಲು, ಅವಳ ಕವಿತೆಯಲ್ಲಿ ನನಗೆ ನೆನಪಿದ್ದದ್ದು ಎಂಟು ಸಾಲು. ಅಮ್ಮ ಕೇಳಿದ್ದನ್ನೂ ಬರೆದೆ. ಮುಂದಿನ ಎರಡನೇ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಆವತ್ತು ಒಂದು ಬದಲಾವಣೆ ಮಾಡಿಕೊಂಡೆವು. ಕೇಳಿದವರು ಮೊದಲು ಮನಸ್ಸಿನಲ್ಲಿ ಉಳಿದಿದ್ದನ್ನು ಹೇಳಬೇಕು. ಗಮನ ಎಲ್ಲಿ ಹೋಯಿತು ಅನ್ನುವುದು ಅದಾದ ಮೇಲೆ. ಈ ಚಿಕ್ಕ ಬದಲಾವಣೆಯಿಂದ ಯಾರೂ ಸುಳ್ಳು ಹೊಗಳಲಿಲ್ಲ, ಯಾರೂ ಬಿಟ್ಟೂ ಹೋಗಲಿಲ್ಲ.

ಅದೇ ಅಕ್ಟೋಬರಿನಲ್ಲಿ ನಾವು ನಾಲ್ಕು ಜನ ಹೆಗ್ಗೋಡಿಗೆ ಹೋಗಿ ಬಂದೆವು. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ಶುರುವಾಗಿದ್ದು 1949ರಲ್ಲಿ, ಆ ಸಣ್ಣ ಊರಿನ ಜನರಿಂದಲೇ. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಗ್ಗೆ ಎಲ್ಲರೂ ಕೂತು ಮಾತಾಡುತ್ತಾರೆ. ದೊಡ್ಡ ವಿದ್ವಾಂಸರೂ ಮಾತಾಡುತ್ತಾರೆ, ಬರೀ ನೋಡಲು ಬಂದವರೂ ಮಾತಾಡುತ್ತಾರೆ. ಅಂಗಡಿ ಅಣ್ಣ ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಬರುವಾಗ ದಾರಿಯುದ್ದಕ್ಕೂ ಅವರ ಮುಖ ನೋಡಬೇಕಿತ್ತು.

ಎಲ್ಲ ತಿಂಗಳೂ ಹೀಗೆ ಸಲೀಸಾಗಿ ಹೋಗಲಿಲ್ಲ. 2024ರ ಜುಲೈ ಮಳೆ ನಮ್ಮ ಕಡೆಯವರಿಗೆ ನೆನಪಿರುತ್ತದೆ. ಬಿಡದೆ ಹೊಯ್ಯಿತು. ಅಡಿಕೆಗೆ ಕೊಳೆ ರೋಗ ಬಾರದ ಹಾಗೆ ಹೊಡೆಯುವ ಬೋರ್ಡೋ ದ್ರಾವಣ ಮೊದಲ ಸಲ ಹೊಡೆದಾಗಿತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎಲ್ಲ ಸರಿಯಾಗಿಯೇ. ಎರಡನೇ ಸಲಕ್ಕೆ ಮಳೆ ಬಿಡುವು ಕೊಡಲಿಲ್ಲ. ಕೊಳೆ ಬಂತು, ಅಡಿಕೆ ಉದುರತೊಡಗಿತು. ಎಲೆಚುಕ್ಕಿ ರೋಗ ಅದಕ್ಕೂ ಮೊದಲೇ ತೋಟಕ್ಕೆ ಕಾಲಿಟ್ಟಿತ್ತು. ಬೆಳಗ್ಗೆ ಮನೆಯವರು ಉದುರಿದ ಕಾಯಿ ಬುಟ್ಟಿಗೆ ತುಂಬಿಕೊಂಡು ಬರುವುದನ್ನು ನೋಡುತ್ತಾ ಒಲೆ ಮುಂದೆ ಕತೆ ಬರೆಯುವುದು ನನ್ನಿಂದ ಆಗಲಿಲ್ಲ. ಇದೊಂದು ಚಟ, ಇದರಿಂದ ಯಾರಿಗೆ ಏನು ಉಪಯೋಗ ಅನ್ನಿಸಿತು. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಪೂರ್ತಿ ಉತ್ತರ ಇಲ್ಲ.

ಆಗಸ್ಟಿನ ಭಾನುವಾರ ಖಾಲಿ ಕೈಯಲ್ಲಿ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಮೇಷ್ಟ್ರು ಏನೂ ಅನ್ನಲಿಲ್ಲ. “ಬರೆಯೋಕೆ ಆಗದಿದ್ರೆ ಓದು” ಅಂತ ಎಲ್ಲರ ಹಾಳೆಗಳನ್ನೂ ನನ್ನ ಕೈಗೇ ಕೊಟ್ಟರು. ಐದು ಹಾಳೆ ನಾನೊಬ್ಬಳೇ ಓದಿದೆ. ಸಿಸ್ಟರ್ ಹಾಳೆಯಲ್ಲಿ ಒಬ್ಬ ರೈತ ಬಂದಿದ್ದ. ಬಿ.ಪಿ. ನೋಡಿಸಿಕೊಳ್ಳಲು ಬಂದವನು, ಪಟ್ಟಿ ಕಟ್ಟಿಸಿಕೊಳ್ಳುವಾಗಲೂ ತೋಟದ ಕೊಳೆಯ ಮಾತೇ ಆಡುತ್ತಾನೆ. ಅವನ ಉಗುರಿನ ಸಂದಿಯಲ್ಲಿ ಮೈಲುತುತ್ತದ ನೀಲಿ ಇತ್ತು. ಓದುತ್ತಾ ಓದುತ್ತಾ ನನಗೆ ಗಂಟಲು ಬಿಗಿಯಿತು. ನಮ್ಮ ಮನೆಯವರ ಉಗುರು ಅದು. ನನ್ನ ಕಣ್ಣೆದುರೇ ಇದ್ದಿದ್ದನ್ನು ಅವರು ನೋಡಿದ್ದರು.

ಮನೆಗೆ ಬಂದು ಆ ಹಾಳೆಯ ಮಾತನ್ನು ಮನೆಯವರಿಗೆ ಹೇಳಿದೆ. ಅವರು ಕೈ ತಿರುಗಿಸಿ ಉಗುರು ನೋಡಿಕೊಂಡರು. ಆಮೇಲೆ ಆ ವರ್ಷ ಎಷ್ಟು ಹೋಯಿತು, ಸಾಲ ಹೇಗೆ, ಮರ ಹತ್ತುವ ಕೊನೆಗಾರ ಸಿಗದೆ ಏನಾಯಿತು ಅಂತ ರಾತ್ರಿ ತುಂಬ ಹೊತ್ತು ಮಾತಾಡಿದರು. ಆ ಮಳೆಗಾಲದಲ್ಲಿ ಅವರು ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ಸೆಪ್ಟೆಂಬರಿಗೆ ನನ್ನ ಹಾಳೆ ತಯಾರಿತ್ತು.

2025ರ ಜನವರಿ 5ರಂದು ಕಾದಂಬರಿಕಾರ ನಾ. ಡಿಸೋಜ ತೀರಿಕೊಂಡರು. ಸಾಗರದಲ್ಲಿದ್ದುಕೊಂಡು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಾ, ಶರಾವತಿಯಲ್ಲಿ ಮುಳುಗಿದ ಊರುಗಳ ಕತೆ ಬರೆದವರು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಆಫೀಸಿನ ಕೆಲಸ ಮತ್ತು ಬರವಣಿಗೆ ಎರಡನ್ನೂ ಒಂದೇ ಬದುಕಿನಲ್ಲಿ ಮಾಡಬಹುದು ಅನ್ನುವುದಕ್ಕೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರು ಅವರು. ಮರು ಭಾನುವಾರ ನಮ್ಮ ಎರಡನೇ ಭಾನುವಾರ. ಆವತ್ತು ಚೀಟಿ ಎತ್ತಲಿಲ್ಲ, ಅವರನ್ನು ನೆನೆಯುತ್ತಾ ಕೂತೆವು. ಅಷ್ಟರಲ್ಲಿ ಅಂಗಡಿ ಅಣ್ಣ ಇದ್ದಕ್ಕಿದ್ದ ಹಾಗೆ ಹೇಳಿದರು. “ನಮ್ಮ ಅಪ್ಪನೂ ಮುಳುಗಡೆಯವರೇ.”

ಎರಡೂವರೆ ವರ್ಷ ಜೊತೆಗೆ ಕೂತಿದ್ದೆವು, ಯಾರಿಗೂ ಗೊತ್ತಿರಲಿಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಅದಕ್ಕೂ ಮೊದಲೇ ಅವರ ಅಪ್ಪ ಮನೆ ಬಿಚ್ಚಿ, ಬಾಗಿಲು ಮತ್ತು ಒಂದು ಕಂಬವನ್ನು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಆ ಬಾಗಿಲು ಈಗ ಅಂಗಡಿಯ ಬಾಗಿಲು. ನಾವೆಲ್ಲ ದಿನಾ ಆ ಬಾಗಿಲು ದಾಟಿಯೇ ಸಕ್ಕರೆ ತರುತ್ತಿದ್ದೆವು. “ಇದನ್ನ ಬರೀ ಅಣ್ಣ” ಅಂದಳು ಹುಡುಗಿ. ಅಲ್ಲಿವರೆಗೆ ಅವರು ತರುತ್ತಿದ್ದದ್ದು ಚುಟುಕ, ಹನಿಗವನ. ಫೆಬ್ರವರಿಯಿಂದ ತಿಂಗಳಿಗೊಂದು ಹಾಳೆ ಬಾಗಿಲಿನ ಕತೆ ಬರುತ್ತಿದೆ. ಅಕ್ಷರ ತಪ್ಪುಗಳಿರುತ್ತವೆ, ನಾವು ತಿದ್ದಿಕೊಂಡು ಓದುತ್ತೇವೆ. ಓದುವಾಗ ಜಗಲಿಯಲ್ಲಿ ಹಪ್ಪಳ ಮುರಿಯುವ ಸದ್ದೂ ಬರುವುದಿಲ್ಲ.

ಹೊರಗಿನ ಲೆಕ್ಕ ಕೇಳುವವರಿಗೆ ಅದನ್ನೂ ಹೇಳುತ್ತೇನೆ. ಭದ್ರಾವತಿ ಆಕಾಶವಾಣಿಯಲ್ಲಿ ನನ್ನ ಒಂದು ಕತೆ ಬಂತು. ಪತ್ರಿಕೆಗಳಿಗೆ ಏಳು ಕತೆ ಕಳಿಸಿದೆ, ಒಂದು ಅಚ್ಚಾಯಿತು. ಅದರಲ್ಲಿ ಒಂದನ್ನು ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಕಳಿಸಿದ್ದೆ, ಅವರ ಕಡೆ ಅಕ್ಷರವೇ ಮೂಡಲಿಲ್ಲವಂತೆ. ಹುಡುಗಿ ಯೂನಿಕೋಡ್ ಮಾಡಿಕೊಟ್ಟು, ಮೊಬೈಲಿನಲ್ಲೇ ಟೈಪ್ ಮಾಡಲು ಕಲಿಸಿದಳು. ದೀಪಾವಳಿ ವಿಶೇಷಾಂಕಗಳ ಸ್ಪರ್ಧೆಗೆ ಪ್ರತಿ ವರ್ಷ ಕಳಿಸುತ್ತೇನೆ, ಒಂದು ಗಡುವು ಇದ್ದರೆ ಕತೆ ಮುಗಿಯುತ್ತದೆ ಅನ್ನುವ ಕಾರಣಕ್ಕೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಹುಡುಗಿ ಅದಕ್ಕೆ ಕವಿತೆಗಳನ್ನು ಜೋಡಿಸುತ್ತಿದ್ದಾಳೆ. ಬಾವಿ ಹತ್ತಿರ ನಿಂತ ಅಮ್ಮನ ಕವಿತೆಯೇ ಮೊದಲನೆಯದು. ನನಗೆ ಕವಿಗೋಷ್ಠಿಯ ಕರೆ ಈಗಲೂ ಬರುತ್ತದೆ, ಹೋಗುತ್ತೇನೆ. ಕೊನೆಯ ಕವಿ ಓದುವವರೆಗೂ ಕೂರುತ್ತೇನೆ. ಮುಗಿದ ಮೇಲೆ ಆ ಕೊನೆಯವರ ಹತ್ತಿರ ಹೋಗಿ ಅವರ ಒಂದು ಸಾಲನ್ನು ಅವರಿಗೇ ತಿರುಗಿ ಹೇಳಿ ಬರುತ್ತೇನೆ.

ಒಂದು ಮಾತ್ರ ಬಾಕಿ ಉಳಿದಿತ್ತು. ಅಮ್ಮ ಕೇಳಿದ್ದು.

ಮೂರು ವರ್ಷ ಅದನ್ನು ಬರೆಯಲು ಆಗಲಿಲ್ಲ. ಎಷ್ಟೋ ಸಲ ಶುರು ಮಾಡಿದೆ. ಅವಳು ದಾಟಿದಳು ಅಂತ ಬರೆದರೆ ಸುಳ್ಳು ಅನ್ನಿಸುತ್ತಿತ್ತು, ಬಿದ್ದಳು ಅಂತ ಬರೆಯಲು ಮನಸ್ಸಿಲ್ಲ. ಕಳೆದ ತಿಂಗಳು ಫಾರೆಸ್ಟ್ ಗಾರ್ಡ್ ಹಾಳೆಯಲ್ಲಿ ಒಂದು ಮಾತಿತ್ತು. ರಾತ್ರಿ ಹಳ್ಳ ದಾಟುವವರು ಟಾರ್ಚ್ ಇದ್ದರೂ ದಾರಿ ನೋಡುವುದು ಕಾಲಿನಿಂದಲೇ ಅಂತ. ಅದನ್ನು ಕೇಳಿದಾಗ ನನಗೆ ತಟ್ಟನೆ ಹೊಳೆಯಿತು. ನಾನು ಅವಳನ್ನು ಟಾರ್ಚಿನ ಬೆಳಕಿನಲ್ಲಿ ನೋಡುತ್ತಿದ್ದೆ. ಅವಳ ಕಾಲನ್ನು ನೋಡಿರಲಿಲ್ಲ. ಇಪ್ಪತ್ತು ವರ್ಷ ಅದೇ ಸಂಕದ ಮೇಲೆ ಓಡಾಡಿದ ಕಾಲು.

ಇವತ್ತು ಶನಿವಾರ. ಬೆಳಗ್ಗೆ ನೀರು ಕುದ್ದು ಆವಿ ಬಂದರೂ ಏಳಲಿಲ್ಲ. ಹಾಳೆಯ ಎರಡೂ ಬದಿ ತುಂಬಿದೆ. ಮಳೆ ಇದೆ, ಅದಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿಗೆ ಇಟ್ಟಿದ್ದೇನೆ. ಯಾರು ಓದುತ್ತಾರೆ ಅನ್ನುವುದು ಚೀಟಿ ಎತ್ತಿದ ಮೇಲೇ. ಅಂಗಡಿ ಅಣ್ಣನಿಗೆ ಬಂದರೆ ಒಳ್ಳೆಯದು, ಅವರು ನಿಧಾನ ಓದುತ್ತಾರೆ. ಅವಳು ದಾಟಿದಳೋ ಇಲ್ಲವೋ ಅಂತ ಮನೆಯವರು ರಾತ್ರಿ ಊಟಕ್ಕೆ ಕೂತಾಗ ಕೇಳಿದರು. ಹೇಳಲಿಲ್ಲ. ಮೊದಲು ಅಮ್ಮನಿಗೆ ಗೊತ್ತಾಗಬೇಕು.